ಪಾಲು ಸರಿಯಾದ ಮೇಲೆ ಗೋಡೆ

ಚನ್ನಗಿರಿ ಕಡೆಯ ಓದುಗರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ರಾಶಿ ಅಡಿಕೆಯ ಧಾರಣೆ ಚೆನ್ನಾಗಿದ್ದಾಗ ಅದರ ದನಿ ಮೆತ್ತಗಿರುತ್ತದೆ, ಕುಸಿದಾಗ ಸಿಟ್ಟು ಸೇರಿಕೊಳ್ಳುತ್ತದೆ. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎನ್ನುತ್ತೀರಲ್ಲ, ಅದು ಬಾಯೊಳಗೆ ಹೋಗಿ ಮಾಡುವುದಾದರೂ ಏನು? ಎಂಬತ್ತು ದಾಟಿದ ಅಜ್ಜನ ಎಲೆಚೀಲವನ್ನು ಸಾಕ್ಷಿಗೆ ಕರೆಯದ ಪತ್ರವೇ ಅಪರೂಪ. ಹೊನ್ನಾಳಿ, ನ್ಯಾಮತಿಯವರೂ ಇದನ್ನೇ ಕೇಳುತ್ತಾರೆ. ಈಚೆಗೆ ಜಗಳೂರಿನವರೂ ಕೇಳತೊಡಗಿದ್ದಾರೆ. ತುಂಗಭದ್ರೆಯ ನೀರಿನಿಂದ ಕೆರೆ ತುಂಬಿಸುವ ಮಾತು ಶುರುವಾದ ಮೇಲೆ ಆ ಒಣ ಸೀಮೆಯಲ್ಲೂ ಅಡಿಕೆ ಸಸಿ ನೆಡುವ ಆಸೆ ಚಿಗುರಿದೆ.

ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುವುದೇ ಕ್ಯಾನ್ಸರ್ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅದನ್ನು ಕೇಳಿದವರು ಕೋಶವಿಭಜನೆ ಯಾಕೆ ಶುರುವಾಗುತ್ತದೆ ಎಂಬ ಕಡೆಗಷ್ಟೇ ಗಮನ ಕೊಡುತ್ತಾರೆ. ಶುರುವಾದದ್ದು ಹೇಗೆ ಮುಗಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೇನೋ ನಿಜವಾದ ಗಂಡಾಂತರ ಇರುವುದು ಆ ಕೊನೆಯ ಹಂತದಲ್ಲೇ ಅನ್ನಿಸುತ್ತದೆ. ಅಡಿಕೆಯ ಪ್ರಶ್ನೆಗೆ ಉತ್ತರದ ಒಂದು ಭಾಗ ಇರುವುದೂ ಅಲ್ಲೇ.

ಮೊದಲು ಲೆಕ್ಕ. ನಮ್ಮ ಮೈಯ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಚನ್ನಗಿರಿಯ ಅಡಿಕೆ ಮರದ ಕೋಶದಲ್ಲಿ 32, ಹೊನ್ನಾಳಿ ಗದ್ದೆಯ ಭತ್ತದಲ್ಲಿ 24, ನ್ಯಾಮತಿಯ ಮೆಕ್ಕೆಜೋಳದಲ್ಲಿ 20, ಜಗಳೂರಿನ ಈರುಳ್ಳಿಯಲ್ಲಿ 16. ಪಿಯುಸಿ ಲ್ಯಾಬಿನಲ್ಲಿ ಈರುಳ್ಳಿಯ ಬೇರಿನ ತುದಿಯನ್ನೇ ಜಜ್ಜಿ ನೋಡಿಸುವುದು ಸುಮ್ಮನೆ ಅಲ್ಲ. ಅದರ ವರ್ಣತಂತುಗಳು ಕಡಿಮೆ, ದಪ್ಪ, ಹರಕು ಸೂಕ್ಷ್ಮದರ್ಶಕದಲ್ಲೂ ಕಣ್ಣಿಗೆ ಬೀಳುತ್ತವೆ. ಕೋಶ ಒಡೆಯುವ ಮುನ್ನ ಪ್ರತಿ ವರ್ಣತಂತುವಿನ ಒಂದೊಂದು ನಕಲು ತಯಾರಾಗುತ್ತದೆ. ಮನುಷ್ಯನ ಕೋಶದಲ್ಲಿ ಆಗ 46 ಜೋಡಿ, ಅಂದರೆ 92 ಎಳೆ. ಪ್ರತಿ ಜೋಡಿಯ ಒಂದು ಎಳೆ ಆಚೆಗೆ, ಇನ್ನೊಂದು ಈಚೆಗೆ ಹೋಗಬೇಕು. 45–47 ಆದರೂ ಕೆಟ್ಟಿತು.

ಅಣ್ಣತಮ್ಮಂದಿರು ಪಾಲಾಗುವುದನ್ನು ಹತ್ತಿರದಿಂದ ಕಂಡವರಿಗೆ ಮುಂದಿನ ಕತೆ ಕಷ್ಟವಾಗದು. ಪಾಲುಪಟ್ಟಿಗೆ ಎಲ್ಲರ ರುಜು ಬೀಳುವ ತನಕ ಪಂಚರು ಮನೆ ನಡುವೆ ಗೋಡೆ ಎಬ್ಬಿಸಲು ಬಿಡುವುದಿಲ್ಲ. ಒಂದು ಹಂಡೆ, ಒಂದು ಎತ್ತು ಇತ್ಯರ್ಥವಾಗದೆ ಉಳಿದರೂ ಎಲ್ಲರೂ ಕೂತು ಕಾಯಬೇಕು. ಗೋಡೆ ಎದ್ದ ಮೇಲೆ ಪಾಲು ತಿದ್ದಲು ಹೊರಟರೆ ಕೋರ್ಟಿನ ಮೆಟ್ಟಿಲೇ ಗತಿ. ಜೀವಕೋಶದಲ್ಲಿ ಪಂಚರ ಕೆಲಸವನ್ನು ಕೆಲವು ಪ್ರೋಟೀನುಗಳು ಮಾಡುತ್ತವೆ.

ನಕಲಾದ ಎರಡು ಎಳೆಗಳನ್ನು ಜೊತೆಯಾಗಿ ಹಿಡಿದಿಡುವುದು ಕೊಹೆಸಿನ್ ಎಂಬ ಬಳೆಯಾಕಾರದ ಪ್ರೋಟೀನ್. ಕೋಶದ ಎರಡು ತುದಿಗಳಿಂದ ಕದಿರು (ಸ್ಪಿಂಡಲ್) ಎಂಬ ರಚನೆಯ ಎಳೆಗಳು ಹೊರಟು ಪ್ರತಿ ಜೋಡಿಯನ್ನು ಎರಡೂ ಕಡೆಯಿಂದ ಹಿಡಿದು ಜಗ್ಗುತ್ತವೆ. ಕೊಹೆಸಿನ್ ಬಿಡದಿರುವುದರಿಂದ ಜೋಡಿ ಕೋಶದ ನಡುವೆ ಬಿಗಿಯಾಗಿ ನಿಲ್ಲುತ್ತದೆ. ಕೊಹೆಸಿನ್ ಅನ್ನು ಕತ್ತರಿಸಬಲ್ಲ ಸೆಪರೇಸ್ ಎಂಬ ಕಿಣ್ವ ಇಷ್ಟು ಹೊತ್ತೂ ಕೋಶದೊಳಗೇ ಇತ್ತು. ಆದರೆ ಸೆಕ್ಯೂರಿನ್ ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಅಂಟಿಕೊಂಡು ಬಾಯಿ ಕಟ್ಟಿರುತ್ತದೆ. ಸಮಯ ಬಂದಾಗ ಎಪಿಸಿ ಎಂಬ ದೊಡ್ಡ ಪ್ರೋಟೀನ್ ಕೂಟ ಸೆಕ್ಯೂರಿನ್ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಸುತ್ತದೆ. ಆ ಗುರುತು ಬಿದ್ದ ಪ್ರೋಟೀನಿಗೆ ಉಳಿಗಾಲವಿಲ್ಲ, ಪ್ರೋಟಿಯಾಸೋಮ್ ಅದನ್ನು ಚೂರುಚೂರು ಮಾಡುತ್ತದೆ. ಬಾಯಿ ಬಿಚ್ಚಿದ ಸೆಪರೇಸ್ ಕೊಹೆಸಿನ್ ಬಳೆಗಳನ್ನು ಕತ್ತರಿಸುತ್ತದೆ. 92 ಎಳೆಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇರೆಯಾಗಿ ಎರಡು ದಿಕ್ಕಿಗೆ ಸರಿಯುತ್ತವೆ. ಈ ಯುಬಿಕ್ವಿಟಿನ್ ಗುರುತನ್ನು ಪತ್ತೆ ಮಾಡಿದ ಚಿಕನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಗಾದರೆ ಸಮಯ ಬಂತು ಎಂದು ಹೇಳುವವರು ಯಾರು? ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕ್ಷಮೆಯಿರಲಿ. 1991ರಲ್ಲಿ ಅಮೆರಿಕದ ಎರಡು ತಂಡಗಳು ಯೀಸ್ಟ್‌ನಲ್ಲಿ ಮ್ಯಾಡ್ ಮತ್ತು ಬಬ್ ಎಂಬ ವಂಶವಾಹಿಗಳನ್ನು ಕಂಡುಹಿಡಿದವು. ಕದಿರು ಕೆಟ್ಟಿದ್ದರೆ ಸಾಮಾನ್ಯ ಯೀಸ್ಟ್ ಕೋಶ ವಿಭಜನೆಯನ್ನು ನಿಲ್ಲಿಸಿ ಕಾಯುತ್ತದೆ. ಈ ವಂಶವಾಹಿಗಳು ಕೆಟ್ಟ ಯೀಸ್ಟ್ ಕಾಯುವುದಿಲ್ಲ, ಮುನ್ನುಗ್ಗಿ ಸಾಯುತ್ತದೆ. ಅಂದರೆ ಕಾಯುವುದಕ್ಕೇ ಮೀಸಲಾದ ಪ್ರೋಟೀನುಗಳಿವೆ! ಕದಿರಿನ ಎಳೆ ಇನ್ನೂ ತಗುಲಿಕೊಳ್ಳದ ವರ್ಣತಂತುವಿನ ಮೇಲೆ ಇವು ಕೂರುತ್ತವೆ. ಅಲ್ಲಿ ಕೂತು ಎಪಿಸಿಯನ್ನು ತಡೆಯುವ ಸಂಕೇತವನ್ನು ಕೋಶಕ್ಕೆಲ್ಲ ಕಳಿಸುತ್ತವೆ. 45 ಜೋಡಿ ಸಿದ್ಧವಾಗಿ ನಿಂತಿದ್ದು, ಒಂದೇ ಒಂದು ಜೋಡಿ ಮೂಲೆಯಲ್ಲಿ ಅಲೆಯುತ್ತಿದ್ದರೂ ಇಡೀ ಕೋಶ ಅದಕ್ಕಾಗಿ ಕಾಯುತ್ತದೆ. 1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಹಾಗೆ ಉಳಿದ ಕೊನೆಯ ವರ್ಣತಂತುವಿನ ಖಾಲಿ ಹಿಡಿಕೆಯನ್ನು ಲೇಸರ್ ಕಿರಣದಿಂದ ಸುಟ್ಟರು. ತಡೆಯುವವರು ಇಲ್ಲವಾದದ್ದೇ ತಡ, ಪಾಲು ಸರಿಯಾಗದಿದ್ದರೂ ಕೋಶ ಮುಂದಕ್ಕೆ ಹೋಗಿಬಿಟ್ಟಿತು. ಪಂಚರಲ್ಲಿ ಒಬ್ಬ ಬೇಡ ಎಂದರೆ ಸಾಕು, ಕೋಶದ ಗೋಡೆ ಏಳುವುದಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಬಹುಮತದ ಮಾತು ನಡೆದೀತು, ಕೋಶದಲ್ಲಿ ನಡೆಯುವುದಿಲ್ಲ.

ಈ ಕಾಯುವಿಕೆಯನ್ನು ಔಷಧವಾಗಿಯೂ ಬಳಸುತ್ತೇವೆ. ಗುಡಿಯ ಅಂಗಳದಲ್ಲಿ, ಮನೆಯ ಹಿತ್ತಿಲಲ್ಲಿ ನೇರಳೆ-ಬಿಳಿ ಹೂ ಬಿಡುವ ನಿತ್ಯಪುಷ್ಪದಿಂದ ಬರುವ ವಿಂಕ್ರಿಸ್ಟಿನ್ ಕದಿರಿನ ಎಳೆಗಳನ್ನು ಕೆಡಿಸುತ್ತದೆ. ಕ್ಯಾನ್ಸರ್ ಕೋಶ ಕಾಯುತ್ತಾ ಕಾಯುತ್ತಾ ಕೊನೆಗೆ ಸಾಯುತ್ತದೆ. ಮಕ್ಕಳ ರಕ್ತಕ್ಯಾನ್ಸರಿಗೆ ಇವತ್ತಿಗೂ ಅದನ್ನು ಕೊಡುತ್ತಾರೆ.

ಎಪಿಸಿ ನಾಶ ಮಾಡುವುದು ಸೆಕ್ಯೂರಿನ್ ಒಂದನ್ನೇ ಅಲ್ಲ, ಸೈಕ್ಲಿನ್-ಬಿ ಎಂಬ ಪ್ರೋಟೀನನ್ನೂ ಮುಗಿಸುತ್ತದೆ. ಸೈಕ್ಲಿನ್‌ಗಳ ಕತೆ 1982ರದು. ಟಿಮ್ ಹಂಟ್ ಅಮೆರಿಕದ ವುಡ್ಸ್‌ಹೋಲ್ ಕಡಲತೀರದ ಪ್ರಯೋಗಶಾಲೆಯಲ್ಲಿ ಕಡಲ ಮುಳ್ಳುಜೀವಿಯ ಮೊಟ್ಟೆಗಳನ್ನು ನೋಡುತ್ತಿದ್ದರು. ಮೊಟ್ಟೆ ಒಡೆಯುವ ಪ್ರತಿ ಸಲವೂ ಒಂದು ಪ್ರೋಟೀನ್ ಮಾಯವಾಗಿ, ಮತ್ತೆ ಕೂಡಿಬಂದು, ಮತ್ತೆ ಮಾಯವಾಗುತ್ತಿತ್ತು. ಜೀವಕೋಶ ಕಷ್ಟಪಟ್ಟು ಮಾಡಿಕೊಂಡದ್ದನ್ನು ತಾನೇ ಹಾಳುಮಾಡಿಕೊಳ್ಳುತ್ತದೆ ಎಂಬುದು ಆಗ ವಿಚಿತ್ರವಾಗಿ ಕಂಡಿತ್ತು. ಸೈಕ್ಲಿನ್-ಬಿ ಇದ್ದಷ್ಟು ಹೊತ್ತು ಸಿಡಿಕೆ-1 ಎಂಬ ಕಿಣ್ವ ನೂರಾರು ಪ್ರೋಟೀನುಗಳ ಮೇಲೆ ಫಾಸ್ಫೇಟ್ ಅಂಟಿಸಿ ಕೋಶವನ್ನು ವಿಭಜನೆಯ ಸ್ಥಿತಿಯಲ್ಲೇ ಇಟ್ಟಿರುತ್ತದೆ. ಸೈಕ್ಲಿನ್ ಹೋದರೆ ಸಿಡಿಕೆ-1 ಸುಮ್ಮನಾಗುತ್ತದೆ. ಬಳಿಕ ಫಾಸ್ಫಟೇಸ್‌ಗಳು ಅಂಟಿದ ಫಾಸ್ಫೇಟನ್ನೆಲ್ಲ ಒಂದೊಂದಾಗಿ ಕೀಳುತ್ತವೆ. ಕದಿರು ಕರಗುತ್ತದೆ, ವರ್ಣತಂತುಗಳು ಸಡಿಲವಾಗುತ್ತವೆ, ಎರಡು ಗುಂಪುಗಳ ಸುತ್ತ ಹೊಸ ಕೋಶಕೇಂದ್ರದ ಪೊರೆ ಕಟ್ಟಿಕೊಳ್ಳುತ್ತದೆ. ಚೂರಾದ ಸೈಕ್ಲಿನ್ ಮತ್ತೆ ಜೋಡುವುದಿಲ್ಲ, ಆದ್ದರಿಂದ ಕೋಶ ಹಿಂದಕ್ಕೆ ಬರುವ ದಾರಿಯೂ ಇಲ್ಲ. ಹಂಟ್, ಲೀಲಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ 2001ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಇನ್ನು ಗೋಡೆ. ಪಾಲಾಯಿತು, ಆದರೆ ಕೋಶ ಇನ್ನೂ ಒಂದೇ. ನಡುವೆ ಸೀಳು ಎಲ್ಲಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದೂ ಪ್ರೋಟೀನುಗಳೇ. ಈ ವಿಷಯದಲ್ಲಿ ಬೆಂಗಳೂರಿನ ಕೆಲಸವನ್ನು ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಾಣುಜೀವಿ ಮತ್ತು ಕೋಶವಿಜ್ಞಾನ ವಿಭಾಗದಲ್ಲಿ ಸಚಿನ್ ಕೋಟಕ್ ಅವರ ತಂಡ ಮನುಷ್ಯ ಕೋಶಗಳಲ್ಲಿ ಇದನ್ನು ವರ್ಷಗಳಿಂದ ಬಿಡಿಸುತ್ತಿದೆ. 2022ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ತಿರುಳು ಹೀಗಿದೆ. ಎಳೆಗಳು ಬೇರೆಯಾಗುವ ಹೊತ್ತಿಗೆ ನೂಮಾ ಮತ್ತು ಡೈನೀನ್ ಎಂಬ ಪ್ರೋಟೀನುಗಳು ಕೋಶಪೊರೆಯ ಎರಡು ತುದಿಗಳನ್ನು ಹಿಡಿಯುತ್ತವೆ. ಎಕ್ಟ್-2 ಮತ್ತು ಅದರ ಜೊತೆಗಾರ ಪ್ರೋಟೀನುಗಳು ನಡುಭಾಗವನ್ನು ಹಿಡಿಯುತ್ತವೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರದಂತಿರುವ ಈ ವಿಂಗಡಣೆಯಿಂದಲೇ ಸೀಳು ಸರಿಯಾದ ಕಡೆ ಬೀಳುತ್ತದೆ. ಅದೇ ತಂಡ ನೂಮಾ ಮೇಲಿನ ಫಾಸ್ಫೇಟನ್ನು ಯಾವ ಫಾಸ್ಫಟೇಸ್ ಕೀಳುತ್ತದೆ ಎಂಬುದನ್ನೂ 2020ರಲ್ಲಿ ತೋರಿಸಿತ್ತು. ಇಂಥ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಒಂದು ಮೂಲೆಯಲ್ಲೂ ಕಾಣುವುದು ಕಡಿಮೆ. ರಾಕೆಟ್ ಹಾರಿದರೆ ಮುಖಪುಟ, ಕೋಶ ಒಡೆದರೆ ಯಾರಿಗೆ ಬೇಕು!

ನಡುವಿನ ಎಕ್ಟ್-2 ರೋ-ಎ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ರೋ-ಎ ಎದ್ದರೆ ಆಕ್ಟಿನ್ ಮತ್ತು ಮಯೋಸಿನ್ ಸೇರಿ ಪೊರೆಯ ಒಳಗೆ ಒಂದು ಉಂಗುರ ಕಟ್ಟುತ್ತವೆ. ನಾವು ತೋಳೆತ್ತಿದಾಗ ಮಾಂಸಖಂಡದಲ್ಲಿ ಕೆಲಸ ಮಾಡುವ ಬಳಗವೇ ಇದು. ಉಂಗುರ ಬಿಗಿಯುತ್ತಾ ಹೋಗಿ, ಕೊನೆಗೆ ಎರಡು ಮರಿಕೋಶಗಳ ನಡುವೆ ಸಪೂರವಾದ ಒಂದು ಸೇತುವೆ ಉಳಿಯುತ್ತದೆ. ಅದನ್ನು ಕಡಿಯುವ ಕೆಲಸ ಎಸ್ಕಾರ್ಟ್ ಪ್ರೋಟೀನುಗಳದು. ಎಚ್‌ಐವಿ ವೈರಸ್ ನಮ್ಮ ಕೋಶದಿಂದ ಕಳಚಿಕೊಂಡು ಹೊರಬೀಳಲು ಇದೇ ಪ್ರೋಟೀನುಗಳನ್ನು ಬಳಸಿಕೊಳ್ಳುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಕೋಶದ ಕೊನೆಯ ಸೇತುವೆ ಕಡಿಯಲೂ ಇವೇ ಬೇಕು ಎಂಬುದನ್ನು 2007ರಲ್ಲಿ ಲಂಡನ್ನಿನ ಮತ್ತು ಅಮೆರಿಕದ ಯೂಟಾದ ತಂಡಗಳು ತೋರಿಸಿದವು. ಇಷ್ಟಾದ ಮೇಲೂ ಒಂದು ಕಾವಲು ಉಂಟು. ಸೇತುವೆಯ ನಡುವೆ ಯಾವುದಾದರೂ ವರ್ಣತಂತು ಹಿಂದುಳಿದು ಸಿಕ್ಕಿಕೊಂಡಿದ್ದರೆ ಅರೋರಾ-ಬಿ ಎಂಬ ಕಿಣ್ವ ಕಡಿಯುವುದನ್ನು ತಡ ಮಾಡಿಸುತ್ತದೆ. ಇದನ್ನು 2009ರಲ್ಲಿ ಜ್ಯೂರಿಕ್‌ನವರು ಕಂಡರು. ವರ್ಣತಂತುಗಳ ವಿಂಗಡಣೆ ಸುಮಾರು ಒಂದು ಗಂಟೆಯಲ್ಲಿ ಮುಗಿದರೆ, ಆ ಸಣ್ಣ ಸೇತುವೆ ಕಡಿಯಲು ಮತ್ತೂ ಒಂದೆರಡು ಗಂಟೆ ಹಿಡಿಯುವುದುಂಟು.

ಗಿಡಮರಗಳದು ಬೇರೆ ಪದ್ಧತಿ. ಅವುಗಳ ಕೋಶಕ್ಕೆ ಹೊರಗೆ ಗಟ್ಟಿ ಗೋಡೆಯಿರುವುದರಿಂದ ಉಂಗುರ ಬಿಗಿಯಲು ಆಗದು. ಅಡಿಕೆ ಸುಳಿಯ ಕೋಶದಲ್ಲಿ ಸಣ್ಣ ಸಣ್ಣ ಪೊಟ್ಟಣಗಳು ನಡುಮಧ್ಯಕ್ಕೆ ಬಂದು ಒಂದಕ್ಕೊಂದು ಕೂಡಿ, ಹೊಸ ಗೋಡೆ ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತದೆ. ಹೀಗೆ ಕೂಡಿಸುವ ಪ್ರೋಟೀನುಗಳಲ್ಲಿ ಒಂದಕ್ಕೆ ನೋಲೆ ಎಂದು ಹೆಸರು. ಜರ್ಮನಿಯಲ್ಲಿ ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ ಅದು ಪತ್ತೆಯಾಯಿತು. ಅದು ಕೆಟ್ಟ ಸಸಿಯ ಕೋಶಗಳಲ್ಲಿ ಗೋಡೆ ಅರ್ಧಕ್ಕೇ ನಿಂತು, ಒಂದೇ ಕೋಶದಲ್ಲಿ ಹಲವು ಕೋಶಕೇಂದ್ರಗಳು ಉಳಿಯುತ್ತವೆ. ಕೆಲವು ಕಡೆ ಸಸ್ಯವೇ ಬೇಕೆಂದು ಗೋಡೆಯನ್ನು ಮುಂದೂಡುತ್ತದೆ. ತೋಟದ ಎಳನೀರನ್ನೇ ನೋಡಿ. ಅದು ಬರೀ ನೀರಲ್ಲ. ಕೋಶಕೇಂದ್ರಗಳು ಒಡೆಯುತ್ತಾ ಹೋಗಿ, ನಡುವೆ ಗೋಡೆಯೇ ಏಳದೆ ತೇಲುತ್ತಿರುವ ಬೀಜದ ಆಹಾರ. ಗೋಡೆಗಳು ಕಟ್ಟಿಕೊಳ್ಳತೊಡಗಿದಾಗ ಚಿಪ್ಪಿನ ಅಂಚಿನಲ್ಲಿ ಗಂಜಿ ಕೂಡುತ್ತದೆ, ಮುಂದೆ ಕಾಯಾಗುತ್ತದೆ. ನಮ್ಮ ಪಿತ್ತಜನಕಾಂಗದಲ್ಲೂ ಎರಡು ಕೋಶಕೇಂದ್ರಗಳಿರುವ ಕೋಶಗಳು ಸಾಮಾನ್ಯ. ಕೊನೆಯ ಹಂತ ತಪ್ಪಿದ್ದೆಲ್ಲ ರೋಗವಲ್ಲ. ಎಲ್ಲಿ, ಯಾವಾಗ, ಯಾರ ಅಪ್ಪಣೆಯಿಂದ ತಪ್ಪಿತು ಎಂಬುದು ಮುಖ್ಯ.

ಅಪ್ಪಣೆಯಿಲ್ಲದೆ ತಪ್ಪಿದರೆ ಆಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಹಿಂದುಳಿದ ವರ್ಣತಂತು, ಇಲ್ಲವೇ ಅದರ ಮುರಿದ ತುಂಡು, ದೊಡ್ಡ ಕೋಶಕೇಂದ್ರದೊಳಗೆ ಸೇರದೆ ಪಕ್ಕದಲ್ಲಿ ತನ್ನದೇ ಸಣ್ಣ ಪೊರೆ ಸುತ್ತಿಕೊಂಡು ಕೂರುತ್ತದೆ. ಇದೇ ಕಿರುಕೇಂದ್ರ, ಮೈಕ್ರೋನ್ಯೂಕ್ಲಿಯಸ್. ಅದರ ಪೊರೆ ಬಡಕಲು, ಸುಲಭವಾಗಿ ಹರಿಯುತ್ತದೆ, ಒಳಗಿನ ಡಿಎನ್‌ಎ ನುಚ್ಚುನೂರಾಗಿ ಅಡ್ಡಾದಿಡ್ಡಿ ಜೋಡಿಕೊಳ್ಳಬಹುದು. ಹತ್ತಾರು ವರ್ಷಗಳಲ್ಲಿ ಆಗಬೇಕಾದಷ್ಟು ಹಾನಿ ಹೀಗೆ ಒಂದೆರಡು ವಿಭಜನೆಯಲ್ಲೇ ಆಗಿಹೋಗಬಹುದೆಂದು ಕಳೆದ ದಶಕದ ಪ್ರಯೋಗಗಳು ತೋರಿಸಿವೆ. ವರ್ಣತಂತುಗಳ ತಪ್ಪು ಪಾಲಿಗೂ ಗಡ್ಡೆಗೂ ನಂಟಿದೆ ಎಂದು ಜರ್ಮನಿಯ ಥಿಯೊಡೊರ್ ಬೊವೆರಿ 1914ರಷ್ಟು ಹಿಂದೆಯೇ ಬರೆದಿದ್ದರು.

ಈಗ ಅಡಿಕೆಗೆ ಬರೋಣ. ನಮ್ಮ ಕೆನ್ನೆಯ ಒಳಪದರ ಎರಡು ಮೂರು ವಾರಕ್ಕೊಮ್ಮೆ ಹೊಸದಾಗುವಂಥದು. ಅಂದರೆ ಅಲ್ಲಿ ಕೋಶವಿಭಜನೆ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಎಲೆ ಅಡಿಕೆ ಜಗಿಯುವವರ ಕೆನ್ನೆಯ ಕೋಶಗಳಲ್ಲಿ ಕಿರುಕೇಂದ್ರಗಳು ಹೆಚ್ಚು ಎಂದು 1982ರಲ್ಲೇ ವರದಿಯಾಗಿತ್ತು. ಅಡಿಕೆಯ ಮುಖ್ಯ ಕ್ಷಾರಾಭ (ಆಲ್ಕಲಾಯ್ಡ್) ಅರೆಕೋಲಿನ್. ಪ್ರಯೋಗಶಾಲೆಯಲ್ಲಿ ಅದನ್ನು ಹಾಕಿದ ಮನುಷ್ಯ ಕೋಶಗಳಲ್ಲಿ ಕದಿರು ಸರಿಯಾಗಿ ಕಟ್ಟದೆ, ವರ್ಣತಂತುಗಳು ಸಾಲಿಗೆ ಬಾರದೆ, ವಿಭಜನೆ ನಡುವೆಯೇ ಸಿಕ್ಕಿಬೀಳುತ್ತದೆ, ಮ್ಯಾಡ್-ಬಬ್ ಕಾವಲೂ ಅಸ್ತವ್ಯಸ್ತವಾಗುತ್ತದೆ ಎಂದು ತೈವಾನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ತಟ್ಟೆಯಲ್ಲಿ ಬೆಳೆಸಿದ ಕೋಶ ಬೇರೆ, ಬಾಯಿ ಬೇರೆ, ಒಪ್ಪುತ್ತೇನೆ. ಅಡಿಕೆ ಇನ್ನೂ ಹಲವು ದಾರಿಯಲ್ಲಿ ಕೆಡಿಸುತ್ತದೆ. ಅದರಲ್ಲಿರುವ ತಾಮ್ರದ ಅಂಶ ಬಾಯಿಯ ಒಳಪದರದ ನಾರು ಗಟ್ಟಿಯಾಗಲು ನೆರವಾಗಿ, ಬಾಯಿ ತೆರೆಯಲಾಗದ ಸ್ಥಿತಿ ತರುವುದು ಅವುಗಳಲ್ಲಿ ಒಂದು. ಆದರೆ ಒಳಗೆ ಹೋಗಿ ಮಾಡುವುದೇನು ಎಂದು ಕೇಳಿದವರಿಗೆ ನನ್ನ ಉತ್ತರದ ಮೊದಲ ಸಾಲು ಇದು: ಪಾಲು ಸರಿಯಾಗುವ ಮೊದಲೇ ಗೋಡೆ ಏಳಿಸುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ.

ಹೊಗೆಸೊಪ್ಪಿನ ತಪ್ಪನ್ನು ಅಡಿಕೆಯ ಮೇಲೆ ಹೊರಿಸುತ್ತಿದ್ದೀರಿ ಎಂಬ ವಾದ ಬೆಳೆಗಾರರದು. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಆಮೇಲೆ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಲಾಯಿತು. ತೈವಾನಿನವರು ಅಡಿಕೆಗೆ ಹೊಗೆಸೊಪ್ಪು ಸೇರಿಸುವುದಿಲ್ಲ, ಅಲ್ಲೂ ಬಾಯಿ ಕ್ಯಾನ್ಸರ್ ಏರಿತ್ತು. 2003ರಲ್ಲಿ ಅದೇ ಸಂಸ್ಥೆ ಸಭೆ ಸೇರಿಸಿದ ತಜ್ಞರು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಬರೀ ಅಡಿಕೆಯನ್ನೂ ಖಚಿತ ಕ್ಯಾನ್ಸರ್‌ಕಾರಕಗಳ ಒಂದನೆಯ ಗುಂಪಿಗೆ ಸೇರಿಸಿದರು. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯದ ಅಂದಾಜಿಗೆ ಬೇರೆ ಲೆಕ್ಕವಿದೆ. 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್‌ಗಳಲ್ಲಿ 1.2 ಲಕ್ಷಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ, ಅದರಲ್ಲಿ ಭಾರತದ್ದೇ 83 ಸಾವಿರದಷ್ಟು ಎಂದು ಅದೇ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತು. ಅಜ್ಜ ಎಂಬತ್ತು ದಾಟಿದ್ದು ನಿಜವಿರಬಹುದು. ಅಪಾಯ ಎಂದರೆ ಎಲ್ಲರಿಗೂ ಬರುತ್ತದೆ ಎಂದಲ್ಲ. ಬಾರದವರ ಮನೆಯಿಂದ ಪತ್ರ ಬರುತ್ತದೆ, ಬಂದವರ ಮನೆಯಿಂದ ಬರುವುದಿಲ್ಲ.

ಚನ್ನಗಿರಿಯಲ್ಲಿ ಚೇಣಿ ಹಿಡಿದವರು, ಸುಲಿಯುವ ಹೆಂಗಸರು, ಬೇಯಿಸುವವರು, ಸಹಕಾರ ಸಂಘದ ಷೇರುದಾರರು, ಹೀಗೆ ಅಡಿಕೆಯ ಮೇಲೆ ಎಷ್ಟು ಒಲೆ ಉರಿಯುತ್ತವೆ ಎಂಬುದು ನನಗೂ ಗೊತ್ತು. ಆ ಬದುಕಿಗೆ ಸರ್ಕಾರ ದಾರಿ ತೋರಿಸಬೇಕು. ಅಡಿಕೆ ನಿರಪಾಯಕಾರಿ ಎಂದು ಭಾಷಣ ಮಾಡುವುದು ಆ ದಾರಿಯಲ್ಲ. ಜಗಳೂರಿನಲ್ಲಿ ಹೊಸದಾಗಿ ಸಸಿ ಇಡಲು ಹೊರಟವರು ನೀರಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಹಾಕುವುದು ಒಳ್ಳೆಯದು.

ಕೊನೆಗೆ ಒಂದು ಕೋರಿಕೆ. ಮನೆಯಲ್ಲಿ ದಿನವೂ ಅಡಿಕೆ ಜಗಿಯುವವರಿದ್ದರೆ, ಸುಲಿಯುವ ಹೊತ್ತಿಗೆ ಒಂದೊಂದೇ ಹೋಳು ಬಾಯಿಗೆಸೆದುಕೊಳ್ಳುವವರನ್ನೂ ಸೇರಿಸಿ, ಬಾಯಿ ಪೂರ್ತಿ ತೆರೆಯಲು ಹೇಳಿ. ಅವರದೇ ಕೈಯ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ತಡ ಮಾಡಬೇಡಿ. ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜೂ ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಕೂಡ ಇದೆ. ನಾಲ್ಕೂ ತಾಲ್ಲೂಕಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ತೋರಿಸಿಕೊಂಡು ಸಂಜೆಗೆ ಮನೆಗೆ ಬರಬಹುದು.